ಮೆಷಿನಿಸ್ಟ್ ಮುಗಿಸಿ ಮಿಲಿಟ್ರಿಗೆ ಹೋದ್ರ ಲೇತ್ ಸಿಗ್ತೈತೋ, ಬರೇ ಬಂದೂಕೋ?

ಗಂಗಾವತಿ_ಹುಡ್ಗ (ಸೋಮವಾರ ರಾತ್ರಿ)

ಎಲ್ಲಾರಿಗೂ ನಮಸ್ಕಾರ್ರಿ. ನಾನು ಐಟಿಐ ಮೆಷಿನಿಸ್ಟ್ ಎರಡನೇ ವರ್ಷ, ಅಂದ್ರ ಲೇತಿನಂಥ ಮಷೀನ್ ಮ್ಯಾಲೆ ಲೋಹ ಕೊರದು ಭಾಗ ಮಾಡೂ ಕೆಲಸ. ಜುಲೈದಾಗ ಪರೀಕ್ಷಾ ಐತಿ. ಅಪ್ಪ ರೈಸ್ ಮಿಲ್ಲಿನಾಗ ಹಮಾಲಿ ಮಾಡ್ತಾನ. ಮನ್ಯಾಗ ಎರಡು ಮಾತು ನಡದಾವ. ಸ್ವಾದರಮಾವ ಅಂತಾನ, "ಮಿಲಿಟ್ರಿಗೆ ಹೋಗು, ಟೆಕ್ನಿಕಲ್‌ದಾಗ ತಗೋತಾರ, ಲೇತ್ ಮ್ಯಾಲೆ ಕೆಲಸ, ಊಟ ವಸತಿ ಪುಕ್ಕಟ." ಅಪ್ಪ ಅಂತಾನ, "ತೋರಣಗಲ್ಲಿನ ಉಕ್ಕಿನ ಕಾರ್ಖಾನಿಗೆ ಅಪ್ರೆಂಟಿಸ್ ಹೋಗು, ವಾರಕ್ಕೊಮ್ಮಿ ಮನಿ ಕಾಣ್ತಿ."

ನಾ ಕೇಳೂದು ಒಂದ. ಮಿಲಿಟ್ರ್ಯಾಗ ಮೆಷಿನಿಸ್ಟ್ ಅಂದ್ರ ಖರೇನ ಏನು ಮಾಡ್ತಾರ? ಯೂಟ್ಯೂಬಿನಾಗ ಬರೇ ಓಡೂದು, ದಂಡ ಹೊಡಿಯೂದು ತೋರಿಸ್ತಾರ. ಮಷೀನ್ ಒಬ್ಬಾನೂ ತೋರಸವಲ್ಲ.

ತೋರಣಗಲ್ಲು_ಬಿ_ಶಿಫ್ಟ್

ನಮ್ಮ ಬ್ಯಾಚಲ್ಲಿ ಮೂರು ಜನ ಓಡಿದ್ರು, ಒಬ್ಬ ಸೆಲೆಕ್ಟ್ ಆದ. ಫಿಟ್ಟರ್ ಅವ್ನು. ಫೋನ್ ಮಾಡಿ ಏನ್ಲೇ ಕೆಲ್ಸ ಅಂದ್ರೆ "ಬೆಳಗ್ಗೆ ಓಡ್ತೀನಿ, ಮಧ್ಯಾಹ್ನ ಗಾಡಿ ತೊಳಿತೀನಿ, ರಾತ್ರಿ ಪಹರೆ ಕಾಯ್ತೀನಿ" ಅಂತ ನಕ್ಕೊಂತ ಹೇಳಿದ. ಸ್ಪ್ಯಾನರ್ ಯಾವಾಗ ಹಿಡಿತೀಯಪ್ಪಾ ಅಂದೆ. "ತೊಳ್ದ ಮೇಲೆ" ಅಂದ.

ಮಾಜಿ_ಕ್ರಾಫ್ಟ್ಸ್‌ಮನ್ (ಸಿರುಗುಪ್ಪ)

ಮೇಲಿನ ತಮ್ಮ ಹೇಳಿದ್ದು ಸುಳ್ಳಲ್ಲ. ಆದ್ರೆ ಗಾಡಿ ತೊಳೆಯೋದನ್ನ ಹಗುರಾಗಿ ನೋಡಬೇಡ್ರಪ್ಪಾ. ಕೆಸರು ಮೆತ್ತಿರೋ ಗಾಡಿಯಲ್ಲಿ ಸೀಳು ಕಾಣಲ್ಲ. ತೊಳೆಯೋನೇ ಮೊದಲು ಕ್ರ್ಯಾಕ್ ಹಿಡಿಯೋದು.

ನಾನು 1991ರಲ್ಲಿ ಸೇರಿದವನು, 24 ವರ್ಷ ಸರ್ವೀಸ್ ಮಾಡಿ ಹವಾಲ್ದಾರನಾಗಿ ಬಂದೆ. ಇಎಂಇ, ಅಂದ್ರೆ ಎಲೆಕ್ಟ್ರಾನಿಕ್ಸ್ ಅಂಡ್ ಮೆಕ್ಯಾನಿಕಲ್ ಇಂಜಿನಿಯರ್ಸ್ ದಳ. 1943ರ ಅಕ್ಟೋಬರ್ 15ಕ್ಕೆ ಹುಟ್ಟಿದ್ದು, ಈಗಲೂ ಅದೇ ದಿನ ಇಎಂಇ ದಿನ ಅಂತ ಮಾಡ್ತಾರೆ. ಕಾಲಾಳು ಪಡೆಯಲ್ಲಿ ಸಿಪಾಯಿ ಅಂತಾರಲ್ಲ, ನಮ್ಮಲ್ಲಿ ಅದೇ ದರ್ಜೆಯವನಿಗೆ ಕ್ರಾಫ್ಟ್ಸ್‌ಮನ್ ಅಂತಾರೆ. ಕುಶಲಕರ್ಮಿ ಅಂತ ಅರ್ಥ. ಹೆಸರು ಕೇಳಿ ನಾನೂ ಉಬ್ಬಿದ್ದೆ. ಸಿಕಂದರಾಬಾದಿನ ಟ್ರೈನಿಂಗ್ ಸೆಂಟರಿಗೆ ಹೋದ ಮೇಲೆ ಮೊದಲ ಎಷ್ಟೋ ತಿಂಗಳು ಲೇತ್ ಮುಖ ನೋಡಿಲ್ಲ. ಡ್ರಿಲ್, ಪಿಟಿ, ರೈಫಲ್. ಅಲ್ಲಿ ನೀನು ಮೊದಲು ಸೈನಿಕ, ಆಮೇಲೆ ಮೆಷಿನಿಸ್ಟ್. ಈ ಸಾಲು ಹಿಡಿಸದವರು ಇಲ್ಲೇ ಈ ಚರ್ಚೆ ಮುಚ್ಚಿ ತೋರಣಗಲ್ಲಿನ ಬಸ್ ಹತ್ತಬಹುದು, ತಪ್ಪೇನಿಲ್ಲ.

ಈಗ ಕೆಲಸದ ಮಾತು. ರಿಪೇರಿ ಮಜಲು ಮಜಲಾಗಿ ನಡೆಯುತ್ತೆ. ರೆಜಿಮೆಂಟಿನ ಜೊತೆಗೇ ಇರೋ ಸಣ್ಣ ತಂಡಕ್ಕೆ ಎಲ್ಎಡಿ ಅಂತಾರೆ, ಬಿಚ್ಚು, ಬದಲಿಸು, ಓಡಿಸು ಅಷ್ಟೇ. ಅದರ ಹಿಂದೆ ಫೀಲ್ಡ್ ವರ್ಕ್‌ಶಾಪ್. ಎಲ್ಲಕ್ಕಿಂತ ಹಿಂದೆ ಆರ್ಮಿ ಬೇಸ್ ವರ್ಕ್‌ಶಾಪ್‌ಗಳು: ದಿಲ್ಲಿಯ 505ರಲ್ಲಿ ಟಿ-72 ಟ್ಯಾಂಕ್ ಪೂರ್ತಿ ಬಿಚ್ಚಿ ಹೊಸದು ಮಾಡ್ತಾರೆ, ಪುಣೆ ಖಡ್ಕಿಯ 512ರಲ್ಲಿ ಸೈನಿಕರನ್ನ ಒಯ್ಯೋ ಬಿಎಂಪಿ ಯುದ್ಧವಾಹನ. ನಮ್ಮ ಬೆಂಗಳೂರಿನ ಹಲಸೂರಲ್ಲಿ 515 ಇದೆ. ಲೇತ್, ಮಿಲ್ಲಿಂಗ್, ಗ್ರೈಂಡಿಂಗ್, ಸಿಎನ್‌ಸಿ (ಕಂಪ್ಯೂಟರ್ ನಡೆಸೋ ಮಷೀನ್) ಅಂತ ನೀನು ಕೇಳೋದೆಲ್ಲ ಬೇಸ್ ವರ್ಕ್‌ಶಾಪಲ್ಲಿ. ಅಲ್ಲಿ ಮಷೀನ್ ಮೇಲೆ ನಿಂತೋರಲ್ಲಿ ಬಹಳ ಜನ ಸಿವಿಲಿಯನ್ನರು, ಸಮವಸ್ತ್ರದವರಲ್ಲ. ನಿನ್ನ ಸ್ವಾದರಮಾವನಿಗೆ ಈ ಮಾತು ಯಾರೂ ಹೇಳಿರಲಿಕ್ಕಿಲ್ಲ.

ಫೀಲ್ಡಲ್ಲೂ ಲೇತ್ ಇರುತ್ತೆ. ಲಾರಿಯೊಳಗೆ! ಮಷಿನರಿ ಲಾರಿ ಅಂತೀವಿ. ಒಂದು ಸಣ್ಣ ಲೇತ್, ಡ್ರಿಲ್ಲು, ಗ್ರೈಂಡರು, ಪಕ್ಕಕ್ಕೆ ಜನರೇಟರ್. ಲಾರಿ ನಿಲ್ಲಿಸಿದ ಕೂಡಲೇ ಕೆಲಸ ಶುರು ಮಾಡಂಗಿಲ್ಲ. ಮೊದಲು ಜಾಕ್ ಕೊಟ್ಟು ಸ್ಪಿರಿಟ್ ಲೆವೆಲ್ ಇಟ್ಟು ಮಟ್ಟ ಮಾಡಬೇಕು. ಮರಳಲ್ಲಿ ಮಧ್ಯಾಹ್ನಕ್ಕೆ ಒಂದು ಜಾಕ್ ಕುಸಿದ್ರೆ ಮತ್ತೆ ಮೊದಲಿಂದ. ಕಟ್ ಕೊಡುವಾಗ ಯಾರಾದ್ರೂ ಲಾರಿ ಹತ್ತಿದ್ರೆ ಜಾಬಿನ (ಕೊರೆಯೋ ತುಂಡಿನ) ಮೇಲೆ ಗೆರೆ ಬೀಳುತ್ತೆ. ಹಂಗಾಗಿ ನಮ್ಮ ಲಾರಿ ಮೆಟ್ಟಿಲಿಗೆ ಹಗ್ಗ ಕಟ್ಟಿ ಕೆಂಪು ಬಟ್ಟೆ ತೂಗಿಬಿಡ್ತಿದ್ವಿ. ಮೇಜರ್ ಸಾಹೇಬ್ರು ಬಂದ್ರೂ ಕೆಳಗೇ ನಿಂತು ಕೂಗಬೇಕು.

ನಿನ್ನ ಪ್ರಶ್ನೆಗೆ ಉತ್ತರ: ಲೇತೂ ಸಿಗುತ್ತೆ, ಬಂದೂಕೂ ಸಿಗುತ್ತೆ. ಎಷ್ಟೆಷ್ಟು ಅನ್ನೋದು ನಿನ್ನ ಪೋಸ್ಟಿಂಗ್ ಮೇಲೆ.

ಕೌಲ್‌ಬಜಾರ್_ಲೇತ್ (ಬಳ್ಳಾರಿ)

ಹವಾಲ್ದಾರ್ ಸಾಹೇಬ್ರಿಗೆ ಸಲಾಂ. ಸಿಟ್ಟಾಗಬ್ಯಾಡ್ರಿ, ನನ್ನ ಅನುಭವ ಹೇಳ್ತೀನಿ. ನಮ್ಮದು ಅಪ್ಪನ ಕಾಲದ ಲೇತ್ ಅಂಗಡಿ. ಮಿಲಿಟ್ರಿಯಿಂದ ರಿಟೈರ್ ಆದ ಇಬ್ಬರು ಟರ್ನರ್‌ಗಳನ್ನ ಕೆಲಸಕ್ಕೆ ಇಟ್ಕೊಂಡಿದ್ದೆ. ಕೆಲಸ ಚೊಕ್ಕ, ಒಪ್ತೀನಿ. ಆದ್ರೆ ಒಂದು ಬುಶ್ಶಿಗೆ, ಅಂದ್ರೆ ಶಾಫ್ಟ್ ತಿರುಗೋ ಬಳೆಗೆ, ಅರ್ಧ ದಿನ! ಗಿರಾಕಿ ಹೊರಗೆ ಟ್ರ್ಯಾಕ್ಟರ್ ನಿಲ್ಲಿಸ್ಕೊಂಡು ಬೀಡಿ ಮೇಲೆ ಬೀಡಿ ಸೇದ್ತಾನೆ, ಇವ್ರು ಮೈಕ್ರೋಮೀಟರ್ ಒರೆಸ್ತಾ ಕೂತಿರ್ತಾರೆ. ಭತ್ತದ ಕಟಾವು ಟೈಮಲ್ಲಿ ಹಾರ್ವೆಸ್ಟರ್ ಕೆಟ್ಟು ಬಂದ್ರೆ ರೈತನಿಗೆ ಒಂದೊಂದು ಗಂಟೆನೂ ದುಡ್ಡು. ನನ್ನ ಹುಡುಗ್ರು ಅದೇ ಬುಶ್ಶು 40 ನಿಮಿಷಕ್ಕೆ ಕೊಡ್ತಾರೆ.

ಹುಡುಗ ಕಲಿಬೇಕಂದ್ರೆ ಸಿಎನ್‌ಸಿ ಇರೋ ಕಡೆ ಹೋಗಲಿ. ಮುಂದೆ ಹೊಟ್ಟೆ ತುಂಬೋದು ಅದೇ.

ಮಾಜಿ_ಕ್ರಾಫ್ಟ್ಸ್‌ಮನ್

ಸಿಟ್ಟ್ಯಾಕೆ ಬರ್ಲಿ ಅಣ್ಣಾ, ಕೌಲ್ ಬಜಾರಲ್ಲಿ ಇದ್ದು ಮಿಲಿಟ್ರಿ ಬೈದ್ರೆ ನಿಮ್ಮ ಓಣಿ ಹೆಸರಿಗೇ ಅವಮಾನ. ಬ್ರಿಟಿಷರ ದಂಡು ಇದ್ದ ಊರು ಅದು, ಕಂಟೋನ್ಮೆಂಟ್ ಅನ್ನೋ ಹೆಸರು ಇನ್ನೂ ಹೋಗಿಲ್ಲ.

ಅರ್ಧ ದಿನ ಯಾಕೆ ಹಿಡಿಯುತ್ತೆ ಅಂತ ನನ್ನದೇ ತಪ್ಪಿಂದ ಹೇಳ್ತೀನಿ. ಲೇಹ್ ಕಡೆ ಇದ್ದಾಗಿನ ಮಾತು. ಕೆಟ್ಟ ಗಾಡಿ ಎಳೆಯೋ ರಿಕವರಿ ಗಾಡಿಯ ವಿಂಚಿಗೆ (ಹಗ್ಗ ಸುತ್ತಿ ಎಳೆಯೋ ಯಂತ್ರ) ಗನ್ ಮೆಟಲ್ (ತಾಮ್ರದ ಮಿಶ್ರಲೋಹ) ಬುಶ್ ಮಾಡಬೇಕಿತ್ತು. ಹೊರಗಿನ ಅಳತೆ 60 ಮಿ.ಮೀ. ಬುಖಾರಿ ಹಚ್ಚಿದ ಶೆಡ್ಡಿನೊಳಗೆ ಕೂತು ಮಾಡಿದೆ. ಬುಖಾರಿ ಅಂದ್ರೆ ಸೀಮೆಎಣ್ಣೆ ಒಲೆ, ಅದಿಲ್ಲದಿದ್ರೆ ಅಲ್ಲಿ ಕೈ ಆಡಲ್ಲ. ಒಳಗೆ ಸುಮಾರು 15 ಡಿಗ್ರಿ. ಬುಶ್ ಕೂರೋ ಉಕ್ಕಿನ ಹೌಸಿಂಗಿಗಿಂತ 20 ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿ.ಮೀ.ನ ಸಾವಿರದಲ್ಲೊಂದು ಪಾಲು) ದಪ್ಪ ಇಟ್ಟು ಪ್ರೆಸ್ ಮಾಡಿ ಕೂರಿಸಿದೆ. ಒಳ್ಳೆ ಬಿಗಿ. ಬೆನ್ನು ತಟ್ಟಿದ್ರು.

ನಾಲ್ಕನೇ ದಿನ ವಿಂಚ್ ಕಿರ್ರ್ ಅಂತು. ಬಿಚ್ಚಿ ನೋಡಿದ್ರೆ ಬುಶ್ ತನ್ನ ಜಾಗದಲ್ಲೇ ಗರಗರ ತಿರುಗಿ ಗ್ರೀಸಿನ ತೂತು ಮುಚ್ಚಿಹೋಗಿತ್ತು. ಶಾಫ್ಟ್ ಮೇಲೆ ಉಗುರಿಂದ ಗೀಚಿದಂಗೆ ಗೆರೆ. ಹೊರಗೆ ಮೈನಸ್ 28. ಗನ್ ಮೆಟಲ್ಲು ಉಕ್ಕಿಗಿಂತ ಜಾಸ್ತಿ ಕುಗ್ಗುತ್ತೆ: ಒಂದು ಡಿಗ್ರಿಗೆ ಮೀಟರಿಗೆ ಸುಮಾರು 18 ಮೈಕ್ರಾನ್, ಉಕ್ಕು 12. ವ್ಯತ್ಯಾಸ 6. ಅರವತ್ತು ಮಿಲಿಮೀಟರಿಗೆ, 43 ಡಿಗ್ರಿ ಇಳಿತಕ್ಕೆ ಲೆಕ್ಕ ಹಾಕು. ಹದಿನೈದೂವರೆ ಮೈಕ್ರಾನ್. ನಾನು ಕೊಟ್ಟಿದ್ದ 20ರಲ್ಲಿ ಉಳಿದಿದ್ದು ನಾಲ್ಕೂವರೆ. ಭಾರ ಬಿದ್ದ ಕೂಡಲೇ ಬುಶ್ ಸುತ್ತಿತು.

ನಮ್ಮ ಉಸ್ತಾದ್ ಬೈಲಿಲ್ಲ. "ಬೇಟಾ, ಡ್ರಾಯಿಂಗ್ ಮೇ ಠಂಡ್ ನಹೀ ಲಿಖೀ ಹೋತೀ" ಅಂದ್ರು, ಡ್ರಾಯಿಂಗಲ್ಲಿ ಚಳಿ ಬರೆದಿರಲ್ಲ ಮಗಾ ಅಂತ. ಎರಡನೇ ಬುಶ್ಶಿಗೆ ಬಿಗಿ ಜಾಸ್ತಿ ಇಟ್ಟು, ಮೇಲಿಂದ ಬುಶ್ಶಿಗೂ ಹೌಸಿಂಗಿಗೂ ಸೇರಿಸಿ ಒಂದು ಗ್ರಬ್ ಸ್ಕ್ರೂ ಕೂರಿಸಿದೆ. ಅದು ನಾನು ಅಲ್ಲಿಂದ ಬರೋವರೆಗೂ ಅಲ್ಲಾಡಲಿಲ್ಲ.

ಇನ್ನೊಂದು ಫಜೀತಿ ಕೇಳ್ರಿ. ಲೇತ್ ಮುಂದೆ ಕೈಗವಸು ಹಾಕಬಾರದು ಅಂತ ಐಟಿಐ ಮೊದಲ ದಿನವೇ ಹೇಳ್ತಾರಲ್ಲ, ಜಾಬ್ ಹಿಡಿದು ತಿರುಗೋ ಚಕ್ಕಿಗೆ ಸಿಕ್ರೆ ಬೆರಳೇ ಹೋಗುತ್ತೆ. ಆದ್ರೆ ಆ ಚಳಿಯಲ್ಲಿ ಬರಿಗೈಲಿ ಕಬ್ಬಿಣ ಮುಟ್ಟಿದ್ರೆ ಚರ್ಮ ಅಂಟಿಕೊಳ್ಳುತ್ತೆ. ಹಂಗಾಗಿ ಬೆಳಗ್ಗೆ ಮೊದಲ ಕೆಲಸ ಚಕ್ ಕೀ, ಟೂಲ್ ಬಿಟ್ಟು, ಹ್ಯಾಂಡಲ್ಲು ಎಲ್ಲಾ ಬುಖಾರಿ ಪಕ್ಕ ಸಾಲಾಗಿ ಇಡೋದು. ಊರಲ್ಲಿ ರೊಟ್ಟಿ ಕಾಯಿಸಿದಂಗೆ ಟೂಲ್ ಕಾಯಿಸ್ತಿದ್ವಿ. ಸ್ವೆಟರ್ ತೋಳು ಮಡಚಿ ಮೊಣಕೈ ಮೇಲೆ ಕಟ್ಟಿದ್ರೆ ಮಾತ್ರ ಮಷೀನ್ ಆನ್.

ಕೌಲ್‌ಬಜಾರ್_ಲೇತ್

ಗ್ರಬ್ ಸ್ಕ್ರೂ ವಿಷಯ ಒಪ್ಪಿದೆ ಸಾಹೇಬ್ರೇ. ನಾವೂ ಹಾರ್ವೆಸ್ಟರಿಗೆ ಅದೇ ಮಾಡ್ತೀವಿ, ಯಾಕೆ ಅಂತ ಈ ಲೆಕ್ಕ ಹಾಕಿ ನೋಡಿದ್ದಿಲ್ಲ. ನಮ್ಮಪ್ಪ ಹಾಕು ಅಂದಿದ್ದ, ಹಾಕ್ತಿದ್ವಿ.

ಮಾನ್ವಿ_ಮನುಷ್ಯ

ನಾ ಸಮವಸ್ತ್ರದಂವ ಅಲ್ಲ. ಒಂದು ಬೇಸ್ ವರ್ಕ್‌ಶಾಪಿನಾಗ ಸಿವಿಲಿಯನ್ ಮೆಷಿನಿಸ್ಟ್ ಇದ್ದೀನಿ, ಊರು ಮಾನ್ವಿ ಬಾಜು. ಹುಡುಗಾ, ಈ ಬಾಗಲಾ ಬಗ್ಗಿ ಯಾರೂ ಹೇಳೂದಿಲ್ಲ, ಕೇಳು.

ಇದಕ್ಕ ಗ್ರೂಪ್ ಸಿ ಅಂತಾರ. ಹುದ್ದೆ ಹೆಸರ ಮೆಷಿನಿಸ್ಟ್ ಸ್ಕಿಲ್ಡ್, ಟರ್ನರ್, ಫಿಟ್ಟರ್ ಅಂತ ಬರ್ತದ. ನಿನ್ನ ಟ್ರೇಡಿನ ಐಟಿಐ ಪ್ರಮಾಣಪತ್ರ ಬೇಕು. ಸಾಮಾನ್ಯ ವರ್ಗಕ್ಕ 18ರಿಂದ 25 ವರ್ಷ, ಮೀಸಲಾತಿ ಇದ್ದವ್ರಿಗೆ ಸಡಿಲ ಅದ. ಪೇ ಲೆವೆಲ್ 2, ಅಂದ್ರ ಮೂಲ ವೇತನ 19,900ರಿಂದ ಶುರು, ಅದರ ಮ್ಯಾಲ ಡಿಎ, ಮನಿ ಬಾಡಿಗಿ. ಮೊದಲು ಬರವಣಿಗಿ ಪರೀಕ್ಷಾ, ಆಮ್ಯಾಲ ಟ್ರೇಡ್ ಟೆಸ್ಟ್. ಓಡೂದು, ಜಿಗಿಯೂದು ಮಿಲಿಟ್ರಿಯವ್ರಂಗ ಇಲ್ಲ. ಅಧಿಸೂಚನೆ ಎಂಪ್ಲಾಯ್‌ಮೆಂಟ್ ನ್ಯೂಸಿನಾಗ ಬರ್ತದ. ವರ್ಷಾ ವರ್ಷಾ ಬರ್ತದಂತ ಕಾಯಕೋತ ಕುಂದರಬ್ಯಾಡ, ಬಂದಾಗ ಬರ್ತದ.

ನನ್ನ ಟ್ರೇಡ್ ಟೆಸ್ಟಿನಾಗ ಒಂದು ಎಂಎಸ್ (ಮೆದು ಉಕ್ಕಿನ) ರಾಡ್ ಕೊಟ್ಟು ಸ್ಟೆಪ್ ಟರ್ನಿಂಗ್, ಥ್ರೆಡ್, ಒಂದು ಕೀವೇ ಹೇಳಿದ್ರು. ನನ್ನ ಬಾಜು ನಿಂತಂವ ಸಿಎನ್‌ಸಿ ಮ್ಯಾಲ ಮೂರು ವರ್ಷ ಕೆಲಸ ಮಾಡಿದಂವ. ಪಾಪ, ಅಂವಗ ಟೂಲ್ ಗ್ರೈಂಡ್ ಮಾಡ್ಲಿಕ್ಕೆ ಬರಲಿಲ್ಲ. ಇನ್ಸರ್ಟ್, ಅಂದ್ರ ಟೂಲಿನ ತಯಾರ ತುದಿ, ಬದಲಿಸಿ ಬದಲಿಸಿ ರೂಢಿ. ಎಚ್ಎಸ್ಎಸ್ ಉಕ್ಕಿನ ಟೂಲ್ ಬಿಟ್ ಕೈಯಾಗ ಹಿಡಕೊಂಡು ವ್ಹೀಲ್ ಮುಂದ ನಿಂತು ಬೆವತುಬಿಟ್ಟ. ಕೌಲ್ ಬಜಾರ್ ಅಣ್ಣಾರು ಹೇಳಿದ್ದು ಖರೆ, ಸಿಎನ್‌ಸಿ ಕಲೀಬೇಕು. ಖರೆ ಕೈಯಿಂದ ಟೂಲ್ ತಿದ್ದೂದು ಮರೀಬಾರ್ದು, ಹಳೇ ಮಾಲಿಗೆ ಬಿಡಿಭಾಗ ಸಿಗೂದಿಲ್ಲ, ಒಂದ ಒಂದು ಪೀಸ್ ಮಾಡಬೇಕಾಗ್ತದ. ಒಂದು ಪೀಸಿಗೆ ಪ್ರೋಗ್ರಾಂ ಬರ್ಕೋತ ಕುಂತ್ರ ಸಂಜಿ ಆಗ್ತದ.

ಪಿಂಚಣಿ ಮಾತು: 2004ರ ಜನವರಿ 1ರಿಂದ ಸೇರಿದ ಸಿವಿಲಿಯನ್ನರಿಗೆ ಹಳೇ ಪಿಂಚಣಿ ಇಲ್ಲ, ಸಂಬಳದಾಗ ಹಿಡಿಯೂ ಎನ್‌ಪಿಎಸ್, ಇಲ್ಲಾ 2025ರಿಂದ ಬಂದ ಯುಪಿಎಸ್. ಸಮವಸ್ತ್ರದಾಗ ಇದ್ದವ್ರಿಗೆ ಅದು ಹತ್ತೂದಿಲ್ಲ, 15 ವರ್ಷ ಮುಗಿಸಿದ ಜವಾನಗ ಹಳೇ ಪಿಂಚಣಿನ ಅದ. ಆದ್ರ ಈಗ ನಾಕು ವರ್ಷದ ಅಗ್ನಿವೀರ್ ಭರ್ತಿ ಬಂದದಲ್ಲ, ಅದರ ಕತಿನೇ ಬ್ಯಾರೆ.

ಕುಷ್ಟಗಿ_ತಂದೆ

ಅಗ್ನಿವೀರ್ ಬಗ್ಗೆ ನಾ ಹೇಳ್ತೀನ್ರಿ, ನನ್ನ ಮಗ ಅದರಾಗ ಅದಾನ. ಬ್ಯಾಂಕ್ ಪಾಸ್‌ಬುಕ್ ಮುಂದ ಇಟ್ಕೊಂಡ ಬರೀತೀನಿ.

ಮೊದಲನೇ ವರ್ಷ ತಿಂಗಳಿಗೆ 30,000 ಅಂತಾರ. ಅದರಾಗ 9,000 ಸೇವಾನಿಧಿಗೆ ಹಿಡಿತಾರ, ಕೈಗೆ ಬರೂದು 21,000. ಎರಡನೇ ವರ್ಷ 33,000, ಮೂರನೇದು 36,500, ನಾಕನೇದು 40,000. ಎಲ್ಲಾದ್ರಾಗೂ ನೂರಕ್ಕ ಮೂವತ್ತು ನಿಧಿಗೆ. ಸರಕಾರನೂ ಅಷ್ಟ ಹಾಕ್ತೈತಿ. ನಾಕು ವರ್ಷಕ್ಕ ಎರಡೂ ಕೂಡಿ 10.04 ಲಕ್ಷ, ಬಡ್ಡಿ ಸೇರಿ 11.71 ಲಕ್ಷದ ಸುತ್ತ ಅಂತ ಸರಕಾರ ಹೇಳಿದ್ದು. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ನಾಕು ವರ್ಷ ಆದಮ್ಯಾಲೆ ನೂರಕ್ಕ ಇಪ್ಪತ್ತೈದು ಮಂದಿ ತನಕ ಇಟ್ಕೋತಾರ, ಉಳದವ್ರು ಮನಿಗೆ.

ಮಗ ಖುಷ್ಯಾಗ ಅದಾನ. ನನಗ ರಾತ್ರಿ ನಿದ್ದಿ ಬರವಲ್ದು. ಗಡಿ ಅಂತ ಅಲ್ರಿ, ಇಪ್ಪತ್ತೈದರಾಗ ಬರ್ತಾನೋ ಎಪ್ಪತ್ತೈದರಾಗೋ ಅಂತ.

ತೋರಣಗಲ್ಲು_ಬಿ_ಶಿಫ್ಟ್

ಅಪ್ಪಾಜಿ, 25 ವಯಸ್ಸಿನೊಳಗೆ 11 ಲಕ್ಷ ಕೈಯಲ್ಲಿ ಇಟ್ಕೊಂಡು ಊರಿಗೆ ಬರೋ ಹುಡುಗ ನಮ್ಮ ಕಡೆ ಎಷ್ಟು ಜನ ಇದಾರೆ ಹೇಳ್ರಿ? ನಾನು ಗುತ್ತಿಗೆ ಮೇಲೆ ಆರು ವರ್ಷದಿಂದ ಇದೀನಿ. ಬೈಕ್ ಕಂತು ಇನ್ನೂ ಮುಗಿದಿಲ್ಲ.

ಕುಷ್ಟಗಿ_ತಂದೆ

ಅದೂ ಖರೆ ಅದಪ್ಪಾ. ಆದ್ರ ನಿನ್ನ ಕೈಯಾಗ ಆರು ವರ್ಷದ ಕೆಲಸ ಐತಿ. ನನ್ನ ಮಗ ಟೆಕ್ನಿಕಲ್ ಅಂತ ಹೋದಂವ, ನಾಕು ವರ್ಷದಾಗ ತರಬೇತಿ, ರಜಾ, ಪಹರೆ ಕಳದ್ರ ಹತಾರ ಹಿಡದದ್ದು ಎಷ್ಟು ದಿನ ಅಂತ ಒಮ್ಮಿ ಎಣಿಸಿ ಕೇಳಿದೆ. "ಅಪ್ಪಾ, ಎಣಿಸಬ್ಯಾಡ" ಅಂದ.

ಮಾಡರೇಟರ್

"ಗ್ಯಾರಂಟಿ ಸೆಲೆಕ್ಷನ್, ಅರ್ಧ ದುಡ್ಡು ಮುಂಗಡ" ಅಂತ ನಂಬರ್ ಹಾಕಿದ್ದ ಒಂದು ಕಾಮೆಂಟ್ ತೆಗೆದಿದ್ದೇವೆ. ಇನ್ನೊಮ್ಮೆ ಹಾಕಿದರೆ ಖಾತೆಯನ್ನೇ ತೆಗೆಯುತ್ತೇವೆ.

ಮಾನ್ವಿ_ಮನುಷ್ಯ

ಛಲೋ ಮಾಡಿದ್ರಿ. ನಮ್ಮ ಕಾಕಾನ ಮಗ ಇಂಥವನಿಗೇ ಎರಡು ಲಕ್ಷ ಕೊಟ್ಟು ಕುಂತಾನ. ಮೂರು ಎಕರೆದಾಗ ಒಂದು ಎಕರೆ ಹೋತು. ಹಾಲ್ ಟಿಕೆಟ್ ಅಂತ ಒಂದು ಕಲರ್ ಝೆರಾಕ್ಸ್ ಕೊಟ್ಟಿದ್ದ, ಅದರಾಗ ಪರೀಕ್ಷಾ ಕೇಂದ್ರದ ಹೆಸರೇ ಇಲ್ಲ. ಅದನ್ನ ಇನ್ನೂ ಫ್ರೇಮಿನ ಹಿಂದ ಇಟ್ಟಾನ.

ಮಸ್ಕಿ_ಮೆಷಿನಿಸ್ಟ್

ಒಂದು ಕೇಳಲಾ? ನಾನೂ ಮೆಷಿನಿಸ್ಟ್. ಬ್ಯಾಚಿನಾಗ ಇಪ್ಪತ್ತು ಹುಡುಗರ ನಡುವ ಒಬ್ಬಾಕಿ. ಈಗ ಒಂದು ಗೇರ್ ಕಟಿಂಗ್ ಶಾಪಿನಾಗ ಇದ್ದೀನಿ. ಮೇಲೆ ಎಲ್ಲಾರೂ "ಹುಡುಗಾ", "ತಮ್ಮಾ" ಅಂತ ಬರ್ದೀರಿ. ಹೆಣ್ಮಕ್ಕಳಿಗೆ ಇದರಾಗ ದಾರಿ ಅದನೋ ಇಲ್ಲೋ?

ಮಾನ್ವಿ_ಮನುಷ್ಯ

ಅದ ತಂಗಿ. ಸೇನಾದ ಅಗ್ನಿವೀರದಾಗ ಹೆಣ್ಮಕ್ಕಳನ್ನ ತಗೊಳ್ಳೂದು ಮಿಲಿಟರಿ ಪೊಲೀಸ್‌ಗೆ ಅಷ್ಟ, ವರ್ಕ್‌ಶಾಪ್ ಕೆಲಸಕ್ಕ ಆ ದಾರಿ ಇಲ್ಲ. ನೌಕಾಪಡೆ, ವಾಯುಪಡೆ ಅಗ್ನಿವೀರದಾಗ ಹೆಣ್ಮಕ್ಕಳು ಹೋಗ್ತಾರ. ಮಷೀನ್ ಮ್ಯಾಲನ ಇರ್ಬೇಕಂದ್ರ ನಾ ಹೇಳಿದ ಸಿವಿಲಿಯನ್ ಹುದ್ದೆ ಹೆಣ್ಣು ಗಂಡು ಇಬ್ಬರಿಗೂ. ಕಾರವಾರದ ನೇವಲ್ ಶಿಪ್ ರಿಪೇರ್ ಯಾರ್ಡಿನಾಗ ಅಪ್ರೆಂಟಿಸ್ ತಗೋತಾರ, ಅದನ್ನೂ ನೋಡು. ನಮ್ಮ ಶಾಪಿನಾಗ ಗ್ರೈಂಡಿಂಗ್ ಮಷೀನ್ ಮ್ಯಾಲ ಒಬ್ಬಾಕಿ ಅಕ್ಕ ಇದ್ದಾರ, ಅವ್ರ ಪೀಸ್ ಅಂದ್ರ ಇನ್‌ಸ್ಪೆಕ್ಷನ್‌ನವ್ರು ಅಳತಿ ನೋಡೂ ಮೊದಲೇ ಸಹಿ ಮಾಡ್ತಾರ. ಮಾಡಬಾರ್ದು, ಖರೆ ಮಾಡ್ತಾರ.

ಮಸ್ಕಿ_ಮೆಷಿನಿಸ್ಟ್

ಧನ್ಯವಾದ ಅಣ್ಣಾ. ಗೇರ್ ಹಾಬಿಂಗ್ ಬರ್ತದ ನನಗ. ಎಂಪ್ಲಾಯ್‌ಮೆಂಟ್ ನ್ಯೂಸ್ ನಮ್ಮೂರಿಗೆ ಬರೂದಿಲ್ಲ, ಆನ್‌ಲೈನ್ ನೋಡ್ತೀನಿ.

ಗಂಗಾವತಿ_ಹುಡ್ಗ (ಮಂಗಳವಾರ)

ಎಲ್ಲಾರೂ ಇಷ್ಟು ಬರೀತೀರಿ ಅಂತ ಅನ್ಕೊಂಡಿದ್ದಿಲ್ಲ. ಅಪ್ಪಗ ಓದಿ ಹೇಳಿದೆ. ವಿಂಚ್ ಬುಶ್ ಕತಿ ಎರಡು ಸಲ ಓದಿಸಿದ.

ಹವಾಲ್ದಾರ್ ಕಾಕಾರ, ಎರಡು ಕೇಳ್ತೀನಿ. ಒಂದು, ರ‍್ಯಾಲಿ ನಮಗ ಎಲ್ಲಿ ಬರ್ತೈತಿ? ಎರಡು, ಟೆಕ್ನಿಕಲ್‌ಗೆ ನನ್ನ ಮೆಷಿನಿಸ್ಟ್ ಸರ್ಟಿಫಿಕೇಟ್ ನಡಿತೈತೋ?

ಮಾಜಿ_ಕ್ರಾಫ್ಟ್ಸ್‌ಮನ್

ಕೊಪ್ಪಳ, ರಾಯಚೂರು ಎರಡೂ ಬೆಳಗಾವಿ ಸೇನಾ ನೇಮಕಾತಿ ಕಚೇರಿಗೆ ಸೇರಿದ್ದು. ನಮ್ಮ ಬಳ್ಳಾರಿ ಬೆಂಗಳೂರಿಗೆ. ತುಂಗಭದ್ರೆಯ ಈ ದಡ ಆ ದಡ ಅಷ್ಟೇ, ಕಚೇರಿ ಮಾತ್ರ ಒಂದು ಪಡುವಣ, ಒಂದು ತೆಂಕಣ. ಈಗ ಮೊದಲು ಆನ್‌ಲೈನ್ ಪರೀಕ್ಷೆ, ಅದರಲ್ಲಿ ಗೆದ್ದವರಿಗೆ ಮಾತ್ರ ರ‍್ಯಾಲಿ. 1.6 ಕಿ.ಮೀ. ಓಟ, ಐದೂವರೆ ನಿಮಿಷದೊಳಗೆ ಬಂದ್ರೆ ಪೂರ್ತಿ 60 ಅಂಕ. ಹತ್ತು ಪುಲ್ ಅಪ್‌ಗೆ 40. ಒಂಬತ್ತು ಅಡಿ ಹಳ್ಳ ಜಿಗಿಯೋದು, ಅಂಕುಡೊಂಕು ದಿಮ್ಮಿ ಮೇಲೆ ನಡೆಯೋದು ಪಾಸಾದ್ರೆ ಸಾಕು. ಹಮಾಲಿ ಮಗನಿಗೆ ಪುಲ್ ಅಪ್ ಭಾರ ಆಗಲಿಕ್ಕಿಲ್ಲ.

ಎರಡನೇದು ಸೂಕ್ಷ್ಮ. ಹತ್ತನೇ ತರಗತಿ ಮೇಲೆ ಎರಡು ವರ್ಷದ ಐಟಿಐ ಆದವರಿಗೂ ಟೆಕ್ನಿಕಲ್ ಬಾಗಿಲು ತೆಗೆದಿದಾರೆ, ಆದ್ರೆ ಯಾವ್ಯಾವ ಟ್ರೇಡ್ ಅಂತ ಅಧಿಸೂಚನೆಯಲ್ಲಿ ಪಟ್ಟಿ ಇರುತ್ತೆ. ಫಿಟ್ಟರ್, ಎಲೆಕ್ಟ್ರಿಷಿಯನ್, ಡೀಸೆಲ್ ಮೆಕ್ಯಾನಿಕ್ ಇಂಥವು. ನಿನ್ನ ಟ್ರೇಡಿನ ಹೆಸರು ಅಕ್ಷರಕ್ಕೆ ಅಕ್ಷರ ಅದರಲ್ಲಿದೆಯಾ ನೋಡಿ ಆಮೇಲೆ ಅರ್ಜಿ ಹಾಕು. ಫಿಟ್ಟರಿಗೆ ಹತ್ತಿರದ್ದೇ ಅಲ್ವಾ ಅಂತ ಅಲ್ಲಿ ವಾದ ಮಾಡಕ್ಕಾಗಲ್ಲ. ಹನ್ನೆರಡನೇದು ವಿಜ್ಞಾನದಲ್ಲಿ ಮಾಡಿದ್ರೆ ಆ ತಾಪತ್ರಯವಿಲ್ಲ. ಒಳಗೆ ಹೋದ ಮೇಲೆ ಟ್ರೇಡ್ ಕೊಡೋರು ಅವರು. ಮೆಷಿನಿಸ್ಟೇ ಬೇಕು ಅಂತ ಹಟ ಹಿಡಿದ್ರೆ ಟ್ಯಾಂಕಿನ ಕೆಳಗೆ ಮಲಗಿಸಿ ಗ್ರೀಸ್ ಹೊಡಿಸ್ತಾರೆ.

ನಿನಗೆ ಮಷೀನೇ ಪ್ರಾಣ ಆಗಿದ್ರೆ ಮಾನ್ವಿ ತಮ್ಮ ಹೇಳಿದ ದಾರಿ ಹಿಡಿ. ಮಿಲಿಟ್ರಿ ಪ್ರಾಣ ಆಗಿದ್ರೆ ಓಡೋದು ಇವತ್ತೇ ಶುರು ಮಾಡು. ಎರಡೂ ಬೇಕು ಅಂದ್ರೆ, ನಮ್ಮ ಕಾಲಕ್ಕೆ ಸಿಗ್ತಿತ್ತು. ಹೊಸ ಪದ್ಧತಿಯ ನಾಲ್ಕು ವರ್ಷದಲ್ಲಿ ಒಳ್ಳೆ ಮೆಷಿನಿಸ್ಟ್ ತಯಾರಾಗಲ್ಲ ಅನ್ನೋದು ನನ್ನ ಅಭಿಪ್ರಾಯ. ನನಗೇ ಕೈ ಕೂತಿದ್ದು ಏಳನೇ ವರ್ಷಕ್ಕೆ. ಯಾರಿಗಾದ್ರೂ ಬೇಜಾರಾದ್ರೆ ಆಗ್ಲಿ.

ಕೌಲ್‌ಬಜಾರ್_ಲೇತ್

ಈ ಮಾತಿಗೆ ನನ್ನ ಓಟು. ಏಳು ವರ್ಷ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಲಿಂಕ್ ಕಿತ್ತು ಗೇಟೇ ತೇಲಿಹೋಯ್ತಲ್ಲ, ನೆನಪೈತಾ? 33 ಗೇಟಲ್ಲಿ ಒಂದು. 60 ಅಡಿ ಅಗಲ, 20 ಅಡಿ ಎತ್ತರದ ಗೇಟು, ಹೋಗಿದ್ದು ಒಂದು ಕೊಂಡಿಯಿಂದ. ವಾರದೊಳಗೆ ಹರಿಯೋ ನೀರಲ್ಲೇ ಸ್ಟಾಪ್‌ಲಾಗ್ (ಗೇಟಿನ ಜಾಗಕ್ಕೆ ಅಡ್ಡ ಇಡೋ ಉಕ್ಕಿನ ತುಂಡು) ಇಳಿಸಿ ನೀರು ನಿಲ್ಲಿಸಿದ್ರು, ಐದು ತುಂಡು, ಒಂದರ ಮೇಲೊಂದು. ಅದನ್ನ ಕಟ್ಟಿದ್ದು ನಮ್ಮ ಸುತ್ತಮುತ್ತಲಿನ ಶೆಡ್ಡುಗಳಲ್ಲೇ, ಹಗಲು ರಾತ್ರಿ. ಆ ವಾರ ನಮ್ಮ ಅಂಗಡಿಯಲ್ಲಿ ಯಾವ ಹುಡುಗನೂ ಬೇರೆ ಮಾತಾಡಲಿಲ್ಲ. ಎರಡು ಬೆಳೆ ನೀರು ಹೋಗ್ತಿದೆ ಅಂತ ನನ್ನ ಹೆಲ್ಪರ್ ಅತ್ತೇಬಿಟ್ಟ, ಅವನದು ಕಂಪ್ಲಿ ಕಡೆ ಗದ್ದೆ.

ಅದಕ್ಕೇ ಹೇಳ್ತೀನಿ ಸಾಹೇಬ್ರೇ, ಫೀಲ್ಡ್ ವರ್ಕ್‌ಶಾಪ್ ನೋಡೋಕೆ ಲೇಹ್‌ಗೇ ಹೋಗ್ಬೇಕಂತಿಲ್ಲ. ಹುಡುಗ ಪರೀಕ್ಷೆ ಮುಗಿಸಿ ನನ್ನ ಹತ್ರ ಬರಲಿ, ಆರು ತಿಂಗಳು. ಸಂಬಳ ಕೊಡ್ತೀನಿ. ಅಷ್ಟರಲ್ಲಿ ಯಾವ ಅಧಿಸೂಚನೆ ಬಂದ್ರೂ ಹೋಗಲಿ, ನಾನೇ ರೈಲು ಹತ್ತಿಸ್ತೀನಿ.

ಮಾಜಿ_ಕ್ರಾಫ್ಟ್ಸ್‌ಮನ್

ಒಳ್ಳೆ ಮಾತು ಅಣ್ಣಾ. ಆದ್ರೆ 40 ನಿಮಿಷದ ಬುಶ್ಶು ಕಲಿಸಬೇಡ್ರಿ.

ತಮ್ಮಾ, ನಿನಗೊಂದು ಕೆಲಸ. ಉಸ್ತಾದ್ ನಮಗೆ ಕೊಡ್ತಿದ್ದದ್ದು. ಗನ್ ಮೆಟಲ್ ಬುಶ್, ಒಳಗಿನ ಅಳತೆ 25 ಎಚ್7. ಅಂದ್ರೆ 25.000ರಿಂದ 25.021 ಮಿ.ಮೀ.ರೊಳಗೆ. ತೂತನ್ನ ನೇರ ಅಳತೆಗೆ ತರೋ ರೀಮರ್ ಬಳಸಬೇಡ, ಬೋರಿಂಗ್ ಬಾರ್‌ನಲ್ಲೇ ಮಾಡು. ಟೂಲ್ ನೀನೇ ಗ್ರೈಂಡ್ ಮಾಡು. ಅಳತೆ ಏನು ಬಂತೋ ಅದನ್ನೇ ಇಲ್ಲಿ ಬರಿ. ಸುಳ್ಳು ಬರೆದ್ರೆ ನನಗೆ ಗೊತ್ತಾಗಲ್ಲ, ನಿನಗೆ ಗೊತ್ತಾಗುತ್ತೆ.

ಗಂಗಾವತಿ_ಹುಡ್ಗ (ಶುಕ್ರವಾರ ಸಂಜೆ)

ಕಾಕಾರ, ಮಾಡಿದೆ. ಗನ್ ಮೆಟಲ್ ಇರಲಿಲ್ಲ, ನಮ್ಮ ಸರ್ ಒಂದು ಹಳೇ ಪಂಪಿನ ಬುಶ್ ಕೊಟ್ರು, ಅದನ್ನ ಕೊರದೆ. ಮೊದಲನೇದು ಟೇಪರ್ ಬಂತು (ಒಂದು ಕಡೆ ಅಗಲ, ಒಂದು ಕಡೆ ಸಣ್ಣ), ಬಿಸಾಕಿದೆ. ಎರಡನೇದು ಬೋರ್ ಗೇಜ್ ಹಾಕಿದ್ರ 25.03. ಒಂಬತ್ತು ಮೈಕ್ರಾನ್ ಹೆಚ್ಚಾತು. ಬಾಜು ಹುಡುಗ್ರು 25.02 ಅಂತ ಬರಿಲೇ, ಯಾರು ನೋಡ್ತಾರ ಅಂದ್ರು. ನಾ 25.03 ಅಂತನ ಬರ್ದೀನಿ. ಫೇಲ್.

ಮಾಜಿ_ಕ್ರಾಫ್ಟ್ಸ್‌ಮನ್

ಯಾವಾಗ ಅಳೆದೆ? ಕಟ್ ಮುಗಿದ ಕೂಡಲೇನಾ? ತಣಿಸೋ ಕೂಲಂಟ್ ಬಿಟ್ಟಿದ್ದೆಯಾ?

ಗಂಗಾವತಿ_ಹುಡ್ಗ

ಕೂಲಂಟ್ ಪಂಪ್ ಕೆಟ್ಟೈತಿ. ಮುಗದ ಕೂಡಲೇ ಅಳದೆ. ಚಕ್ಕಿನಾಗ ಇದ್ದಾಗನ. ಬುಶ್ ಮುಟ್ಟಿದ್ರ ಚುರ್ ಅಂತಿತ್ತು.

ಮಾಜಿ_ಕ್ರಾಫ್ಟ್ಸ್‌ಮನ್

ನಿಮ್ಮ ಶೆಡ್ಡಿನಲ್ಲಿ ಈಗ 40 ಡಿಗ್ರಿ ಇರುತ್ತೆ, ಗೇಜೂ 40. ಬುಶ್ ಚುರ್ ಅಂದ್ರೆ 70ಕ್ಕೆ ಕಮ್ಮಿ ಇಲ್ಲ. ಲೆಕ್ಕ ನಾನು ಹೇಳಲ್ಲ, ಮೇಲೆ ವಿಂಚಿಗೆ ಹಾಕಿದ್ದೇ ಲೆಕ್ಕ. ಬುಶ್ಶೂ ಗೇಜೂ ಒಂದೇ ಟೇಬಲ್ ಮೇಲೆ ರಾತ್ರಿಯಿಡೀ ಇಟ್ಟು, ಬೆಳಗ್ಗೆ ಬಿಸಿಲು ಬೀಳೋ ಮೊದಲು ಅಳಿ. ಕೈಯಲ್ಲಿ ಬಹಳ ಹೊತ್ತು ಹಿಡಿಬೇಡ.

ಗಂಗಾವತಿ_ಹುಡ್ಗ (ಶನಿವಾರ, ಬೆಳಗ್ಗೆ 6:50)

ಸರ್‌ನ ಎಬ್ಬಿಸಿ ಕೀಲಿ ಇಸ್ಕೊಂಡೆ. ಮುಳ್ಳು 25.01 ದಾಟೈತಿ, 25.02 ಮುಟ್ಟಿಲ್ಲ. ಮೂರು ಕಡೆ ತಿರುಗಿಸಿ ನೋಡಿದೆ, ಅಷ್ಟ. ಕೌಲ್ ಬಜಾರ್ ಅಣ್ಣಾರ, ಜುಲೈ ಪರೀಕ್ಷಾ ಮುಗದ ಮರದಿನ ಬರ್ತೀನಿ. ನಿಮ್ಮ ಅಂಗಡ್ಯಾಗ ಕೂಲಂಟ್ ಪಂಪ್ ಐತೇನ್ರಿ?

ಕೌಲ್‌ಬಜಾರ್_ಲೇತ್

ಐತೆ. ಅದೂ ಕೆಟ್ಟೈತೆ. ನೀನೇ ಬಂದು ರಿಪೇರಿ ಮಾಡು.